‘ಒಳ್ಳೆ ಪುಸ್ತಕ ಇದ್ದರೆ ಹೇಳಿ’ – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಳೆಗಾಲಕ್ಕೆಂದು ಗೆಳತಿಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಒಳ್ಳೆ ಪುಸ್ತಕ ಇದ್ದರೆ ಹೇಳಿ’ ಎಂದು ಕೇಳಿದೆ. ಮೂವತ್ತು ಹೆಸರು ಬಂದವು. ನಾಲ್ಕು ತರಿಸಿದೆ, ಒಂದೂ ಐವತ್ತು ಪುಟ ದಾಟಲಿಲ್ಲ. ತಪ್ಪು ನನ್ನದೋ, ಪುಸ್ತಕದ್ದೋ? – ಓದುಗರು, ಪೊನ್ನಂಪೇಟೆ

ಉತ್ತರ: ಇಬ್ಬರದ್ದೂ ಅಲ್ಲ, ಪ್ರಶ್ನೆಯದ್ದು. ನಾಲ್ಕು ಜನರ ಎದುರು ‘ಒಳ್ಳೆ ಪುಸ್ತಕ’ ಯಾವುದು ಎಂದು ಕೇಳಿದರೆ, ಓದಿ ಖುಷಿಪಟ್ಟದ್ದಕ್ಕಿಂತ ಹೇಳಿಕೊಳ್ಳಲು ಗೌರವ ಅನಿಸುವುದೇ ಮೊದಲು ಬಾಯಿಗೆ ಬರುತ್ತದೆ. ಜ್ಞಾನಪೀಠ ಪಡೆದ ಎಂಟು ಕನ್ನಡ ಲೇಖಕರ ಹೆಸರು ಶಾಲೆ ಮಕ್ಕಳೂ ಹೇಳುತ್ತಾರೆ, ಅದಕ್ಕೆ ಗೆಳತಿ ಯಾಕೆ ಬೇಕು?

ಗುಂಪು ಬಿಡಿ, ಒಬ್ಬರನ್ನೇ ಕೇಳಿ. ಹೀಗೆ ಬರೆದು ನೋಡಿ:

‘ಅಕ್ಕಾ, ಈಚೆಗೆ ಓದಿದ್ದರಲ್ಲಿ ಕೊಡಗಿನ ಗೌರಮ್ಮನವರ ಕಥೆಗಳು ಹಿಡಿಸಿದವು. ಚಿಕ್ಕವು, ಹೆಂಗಸರ ಮಾತು ಸಹಜವಾಗಿದೆ. ಒಂದು ದೊಡ್ಡ ಐತಿಹಾಸಿಕ ಕಾದಂಬರಿಯನ್ನು ಎಪ್ಪತ್ತನೇ ಪುಟಕ್ಕೆ ಬಿಟ್ಟೆ, ಪಾತ್ರಗಳ ಹೆಸರೇ ನೆನಪಿನಲ್ಲಿ ನಿಲ್ಲಲಿಲ್ಲ. ಓದುವುದು ರಾತ್ರಿ ಅರ್ಧ ಗಂಟೆ, ಕರೆಂಟ್ ಇದ್ದರೆ. 200 ಪುಟದೊಳಗಿನ, ನಿಮ್ಮ ಹತ್ತಿರವೇ ಇರುವ ಒಂದು ಪುಸ್ತಕ ಹೇಳಿ.’

ಇದರಲ್ಲಿ ಹೆಚ್ಚು ಕೆಲಸ ಮಾಡುವುದು ಬಿಟ್ಟ ಪುಸ್ತಕದ ಮಾತು. ಇಷ್ಟವಾದದ್ದನ್ನು ಎಲ್ಲರೂ ಹೇಳುತ್ತಾರೆ. ಎಲ್ಲಿ ಕೈಬಿಟ್ಟಿರಿ, ಯಾಕೆ ಎಂದರೆ ಎದುರಿನವರಿಗೆ ನಿಮ್ಮ ಓದು ಸರಿಯಾಗಿ ಅಂದಾಜಾಗುತ್ತದೆ. ‘ಒಂದು’ ಎಂದಾಗ ಅವರು ಆರಿಸಲೇಬೇಕು. ಹತ್ತು ಕೇಳಿದರೆ ನೆನಪಿಗೆ ಬಂದದ್ದನ್ನೆಲ್ಲ ಸುರಿಯುತ್ತಾರೆ. ‘ಹತ್ತಿರವೇ ಇರುವ’ ಎಂಬುದನ್ನಂತೂ ಮರೆಯಬೇಡಿ. ಕನ್ನಡದಲ್ಲಿ ಸಾವಿರ ಪ್ರತಿ ಅಚ್ಚು ಹಾಕಿ ಮತ್ತೆ ಮುದ್ರಿಸದ ಪುಸ್ತಕಗಳು ಬಹಳ. ಹೆಸರು ಸಿಕ್ಕಿತು, ಪುಸ್ತಕ ಸಿಗಲಿಲ್ಲ ಎಂದಾಗುತ್ತದೆ.

ಓದಿದ ಮೇಲೆ ಎರಡು ಸಾಲು ವರದಿ ಒಪ್ಪಿಸಿ, ಹಿಡಿಸದಿದ್ದರೂ. ‘ಚೆನ್ನಾಗಿಲ್ಲ’ ಎಂದರೆ ಅವರಿಗೂ ಬೇಸರ, ನಿಮಗೂ ಲಾಭವಿಲ್ಲ. ‘ಮೊದಲರ್ಧ ಓಡಿತು, ಮಗ ಪಟ್ಟಣಕ್ಕೆ ಹೋದ ಮೇಲೆ ಎಳೆದರು’ ಎಂದು ಜಾಗ ತೋರಿಸಿ ಹೇಳಿ. ಅವರು ಹೇಳುವ ಎರಡನೇ ಪುಸ್ತಕ ಮೊದಲನೆಯದಕ್ಕಿಂತ ಸರಿಯಾಗಿ ಹೊಂದುತ್ತದೆ. ಇನ್ನೊಂದು ಮಾತು: ತೋಟದವರನ್ನು ಕಾಫಿ ಕುಯ್ಲಿನ ಹೊತ್ತಿನಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ, ಕೇಳಿ ಉತ್ತರ ಬರಲಿಲ್ಲವೆಂದು ಮುನಿಸಿಕೊಳ್ಳಬೇಡಿ.

ಪ್ರಶ್ನೆ: ಯಾರೋ ಹೇಳಿದ ಪುಸ್ತಕದ ಹೆಸರನ್ನು ಫೋನಿನಲ್ಲಿ ಗೀಚಿಕೊಳ್ಳುತ್ತೇನೆ. ತಿಂಗಳ ನಂತರ ನೋಡಿದರೆ ಏನೂ ಅರ್ಥವಾಗುವುದಿಲ್ಲ. – ಓದುಗರು, ಸೋಮವಾರಪೇಟೆ

ಉತ್ತರ: ಹೆಸರೊಂದೇ ಬರೆದರೆ ಹಾಗೆಯೇ. ಲೇಖಕರು, ಹೇಳಿದವರು, ತಾರೀಖು, ಜೊತೆಗೆ ಅವರು ಯಾಕೆ ಓದು ಎಂದರೋ ಅದು ಅವರದೇ ಮಾತಿನಲ್ಲಿ ಇರಲಿ. ಆ ಒಂದು ಸಾಲು ಇಲ್ಲದಿದ್ದರೆ ಉಳಿದದ್ದೆಲ್ಲ ಬರೀ ದಿನಸಿ ಪಟ್ಟಿ.

ಪುಸ್ತಕ ಕೈಗೆ ಸಿಕ್ಕಿದ್ದರೆ ಮುಖಪುಟದ ಫೋಟೊ ತೆಗೆದು ಸುಮ್ಮನಾಗಬೇಡಿ. ಶೀರ್ಷಿಕೆ ಪುಟದ ಹಿಂಬದಿಯನ್ನೂ ತೆಗೆಯಿರಿ. ಪ್ರಕಾಶಕರು, ಮುದ್ರಣದ ವರ್ಷ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಇರುವುದು ಅಲ್ಲಿ. 2007ರಿಂದ ಈಚೆಗೆ ಆ ಸಂಖ್ಯೆ 13 ಅಂಕಿಯದು. ಹಳೆಯ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಸಲ ಅದು ಇರುವುದೇ ಇಲ್ಲ.

ನಮ್ಮ ಕೊಡಗಿನಲ್ಲಿ ಎಡವುವ ಜಾಗ ಹೆಸರಿನ ಮೊದಲು ಬರುವ ಮನೆಹೆಸರು. ಕೊಡವ ಜನಪದ ಹಾಡುಗಳ ಪುಸ್ತಕ, 1924ರ ‘ಪಟ್ಟೋಲೆ ಪಳಮೆ’ಯನ್ನು ಸಂಗ್ರಹಿಸಿದವರು ನಡಿಕೇರಿಯಂಡ ಚಿಣ್ಣಪ್ಪ; ನಡಿಕೇರಿಯಂಡ ಎಂಬುದು ಮನೆಹೆಸರು. ಗ್ರಂಥಾಲಯದ ಪಟ್ಟಿಯಲ್ಲಿ ‘ನ’ ಅಡಿ ಸಿಗದಿದ್ದರೆ ‘ಚ’ ಅಡಿಯೂ ನೋಡಿ, ಆಮೇಲೆ ಇಲ್ಲವೆನ್ನಿ. ಕಾವ್ಯನಾಮದ್ದೂ ಇದೇ ಪಾಡು: ಕಾದಂಬರಿಕಾರ ಭಾರತೀಸುತರ ನಿಜ ಹೆಸರು ಎಸ್.ಆರ್. ನಾರಾಯಣರಾವ್.

ಪ್ರಶ್ನೆ: ಅಂಗಡಿಯಲ್ಲಿ ಸಿಗದ ಪುಸ್ತಕವನ್ನು ಗೆಳೆಯರು ಪಿಡಿಎಫ್ ಮಾಡಿ ಕಳಿಸುತ್ತಾರೆ. ತಪ್ಪೇ? – ಓದುಗರು, ಗೋಣಿಕೊಪ್ಪಲು

ಉತ್ತರ: ಲೇಖಕರು ತೀರಿಕೊಂಡ ವರ್ಷ ನೋಡಿ. ಅದರ ಮುಂದಿನ ಜನವರಿಯಿಂದ 60 ವರ್ಷ ಕೃತಿಸ್ವಾಮ್ಯದ ಹಕ್ಕು ಉಳಿಯುತ್ತದೆ, ಅಲ್ಲಿಯವರೆಗೆ ಅನುಮತಿಯಿಲ್ಲದೆ ಪ್ರತಿ ಮಾಡಿ ಹಂಚುವುದು ತಪ್ಪು. ಗೌರಮ್ಮನವರು ತೀರಿಕೊಂಡದ್ದು 1939ರಲ್ಲಿ, ಅವರ ಕಥೆಗಳ ಹಕ್ಕು ಎಂದೋ ಮುಗಿದಿದೆ. ಭಾರತೀಸುತರು ತೀರಿಕೊಂಡದ್ದು 1976ರಲ್ಲಿ, ಹಾಗಾಗಿ 2036 ಮುಗಿಯುವವರೆಗೆ ಕಾಯಬೇಕು. ಹಕ್ಕು ಮುಗಿದ ಕೃತಿಗೆ ಈಚೆಗೆ ಯಾರಾದರೂ ಬರೆದ ಮುನ್ನುಡಿ, ಟಿಪ್ಪಣಿಗಳ ಲೆಕ್ಕ ಬೇರೆ. ಪುಸ್ತಕ ಅಂಗಡಿಯಲ್ಲಿ ಇಲ್ಲ ಎಂಬ ಕಾರಣಕ್ಕೆ ಹಕ್ಕು ಹೋಗುವುದಿಲ್ಲ.

ಪ್ರಶ್ನೆ: ಗೆಳೆಯರಿಂದ ಓದಲು ತಂದ ಪುಸ್ತಕಕ್ಕೆ ಜುಲೈನಲ್ಲಿ ಬೂಷ್ಟು ಹಿಡಿದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಹರಡಿತು. ಹೇಗೆ ವಾಪಸ್ ಕೊಡಲಿ? – ಓದುಗರು, ಮಡಿಕೇರಿ

ಉತ್ತರ: ಒರೆಸುವುದನ್ನು ಮೊದಲು ನಿಲ್ಲಿಸಿ. ಒದ್ದೆ ಬಟ್ಟೆ ಬೂಷ್ಟನ್ನು ಕಾಗದದ ಎಳೆಯೊಳಗೆ ತಿಕ್ಕುತ್ತದೆ, ಕಲೆ ಶಾಶ್ವತವಾಗುತ್ತದೆ. ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ಹಾಳೆ ಬೀಸಣಿಗೆಯಂತೆ ಬಿಡಿಸಿ, ಬೇರೆ ಪುಸ್ತಕಗಳಿಲ್ಲದ ಕೋಣೆಯಲ್ಲಿ ಫ್ಯಾನ್ ಗಾಳಿಗೆ ಒಂದೆರಡು ದಿನ ಇಡಿ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮಾಸ್ಕ್ ಹಾಕಿಕೊಂಡು, ಹೊರಗೆ ಜಗಲಿಯಲ್ಲಿ, ಮೆತ್ತನೆಯ ಪೇಂಟ್ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಗುಡಿಸಿ. ಬಿಸಿಲು ಕಂಡಿತೆಂದು ಅದಕ್ಕೇ ಒಡ್ಡಬೇಡಿ. ರಟ್ಟು ಸೊಟ್ಟಗಾಗುತ್ತದೆ, ಬೆನ್ನಿನ ಅಂಟು ಬಿಡುತ್ತದೆ. ಒಲೆಯ ಮೇಲಿನ ಅಟ್ಟ ಏಲಕ್ಕಿಗೆ ಸರಿ, ಪುಸ್ತಕಕ್ಕಲ್ಲ.

ಗಾಳಿಯ ತೇವಾಂಶ ಶೇ 65 ದಾಟಿದರೆ ಬೂಷ್ಟಿಗೆ ಹಬ್ಬ, ಮಡಿಕೇರಿಯ ಮಳೆಗಾಲ ಅದನ್ನು ಸಲೀಸಾಗಿ ದಾಟುತ್ತದೆ. ಹಾಗಾಗಿ ಓದಲು ತಂದ ಪುಸ್ತಕವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಆದರೆ ಪೂರ್ತಿ ಒಣಗಿದ ಮೇಲೆ ಮಾತ್ರ. ತೇವವಿರುವ ಪುಸ್ತಕವನ್ನು ಡಬ್ಬಿಗೆ ಹಾಕಿದರೂ ಪ್ಲಾಸ್ಟಿಕ್ ಹೊದಿಸಿದರೂ ಒಳಗೇ ಬೇಯುತ್ತದೆ. ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ. ಬೀರು ಹೊರಗೋಡೆಗೆ ಅಂಟಿಕೊಂಡಿದ್ದರೆ ಎರಡು ಇಂಚು ಮುಂದಕ್ಕೆ ಎಳೆಯಿರಿ.

ಕಲೆ ಉಳಿದರೆ ಮುಚ್ಚಿಡದೆ ಹೇಳಿ, ಹೊಸ ಪ್ರತಿ ಸಿಗುವುದಾದರೆ ತಂದುಕೊಡಿ. ಲೇಖಕರ ಸಹಿ ಇರುವ ಪ್ರತಿಯಾಗಿದ್ದರೆ ಬ್ರಷ್ ಹಿಡಿಯುವ ಮೊದಲೇ ಪುಸ್ತಕ ಕೊಟ್ಟ ಗೆಳೆಯರಿಗೊಂದು ಫೋನ್ ಮಾಡಿ.