ಸ್ಟುಡಿಯೋ ಇಲ್ಲದೆ ಕಾರವಾರದ ಮನೆಯಲ್ಲೇ ಇಂಡಸ್ಟ್ರಿಯಲ್ ರಾಕ್ ಆಲ್ಬಂ ಮಾಡಬಹುದಾ?

ಖಂಡಿತ ಮಾಡಬಹುದು. ಯಂತ್ರಗಳ ಸದ್ದು, ಎಲೆಕ್ಟ್ರಾನಿಕ್ ತಾಳ ಬೆರೆತ ಒರಟು ರಾಕ್ ಸಂಗೀತ ತಾನೇ ಅದು. ನೀವು ಮೂವರೇ, ಮೊದಲ ಆಲ್ಬಂ, ಸ್ಟುಡಿಯೋಗೆ ದುಡ್ಡಿಲ್ಲ ಅಂದಿದ್ದೀರಿ. ಅದೇನೂ ಅಡ್ಡಿಯಲ್ಲ. ಇದೇ ಬಗೆಯ ಅಮೆರಿಕದ ಬ್ಯಾಂಡ್ ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ ಕ್ಲೀವ್‌ಲ್ಯಾಂಡಿನ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದರು. ರಾತ್ರಿ ಕೋಣೆ ಖಾಲಿಯಾದಾಗ ತಾವೇ ನುಡಿಸಿ ಡೆಮೊ ಮಾಡಿಕೊಂಡರು. 1989ರ ಅವರ ಮೊದಲ ಆಲ್ಬಂ ಬೆಳೆದದ್ದು ಅಲ್ಲಿಂದಲೇ.

ಈ ಸಂಗೀತಕ್ಕೆ ಡ್ರಮ್ ಮೆಷಿನ್ ಚೆನ್ನಾಗಿ ಒಗ್ಗುತ್ತದೆ. ಗಿಟಾರನ್ನು ನೇರ, ವಾದ್ಯದ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆಯಾದ ಆಡಿಯೋ ಇಂಟರ್‌ಫೇಸ್‌ಗೆ ಕೊಡಿ. ಆಗ ಸದ್ದಿಲ್ಲದ ಕೋಣೆ ಬೇಕಾಗುವುದು ದನಿಗೆ ಮಾತ್ರ.

ನಮ್ಮ ಕಡೆ ನಿಜವಾದ ತೊಂದರೆ ಮಳೆ. ಶಿರಸಿಯಲ್ಲಿ ನಮ್ಮ ಮನೆಯ ಅಟ್ಟದಲ್ಲಿ ಹಾಡಿದ್ದೆಲ್ಲ ತಗಡಿನ ಸದ್ದಿನಲ್ಲಿ ಮುಳುಗಿಹೋಗಿತ್ತು. ಹಾಗಾಗಿ ದನಿಯ ಕೆಲಸ ಜೂನ್‌ಗೆ ಮೊದಲೇ ಮುಗಿಸಿ. ತೇವಕ್ಕೆ ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮ ಮೈಕ್) ಚಟಪಟ ಅನ್ನುತ್ತದೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಡಿ. ಮಳೆಗಾಲದಲ್ಲಿ ಗಟ್ಟಿಮುಟ್ಟಾದ ಡೈನಾಮಿಕ್ ಮೈಕೇ ವಾಸಿ.

ಇನ್ನು ಸದ್ದುಗಳು. ಇದು ನನಗೆ ತುಂಬಾ ಇಷ್ಟದ ಭಾಗ. ಬೈತಖೋಲ್ ಬಂದರಿನ ಬೋಟ್ ಎಂಜಿನ್, ರೈಲು ಹಳಿಯ ಗಡಗಡ, ಅಡಿಕೆ ಸುಲಿಯುವ ಯಂತ್ರ, ಎಲ್ಲವನ್ನೂ ಫೋನಿನಲ್ಲೇ ಹಿಡಿದುಕೊಳ್ಳಿ. ಟೇಪಿನ ಹಾಗೆ ಅರ್ಧ ವೇಗಕ್ಕಿಳಿಸಿದರೆ ಸ್ವರ ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, ಕೆಳಗಿಳಿಯುತ್ತದೆ. ಬೋಟಿನ ಸದ್ದು ಯಾವುದೋ ದೊಡ್ಡ ಪ್ರಾಣಿ ಉಸಿರಾಡಿದ ಹಾಗೆ ಕೇಳುತ್ತದೆ! ಕೊಂಡ ಸ್ಯಾಂಪಲ್‌ಗಳಲ್ಲಿ, ಅಂದರೆ ಸಿದ್ಧ ಸದ್ದಿನ ತುಣುಕುಗಳಲ್ಲಿ, ನಿಮ್ಮೂರು ಸಿಗಲ್ಲ ಅಲ್ವಾ?

ರೆಕಾರ್ಡಿಂಗ್ 24 ಬಿಟ್‌ನಲ್ಲಿರಲಿ, ಸದ್ದಿನ ಮಟ್ಟ ಮೀಟರಿನಲ್ಲಿ ಮೈನಸ್ 10 ಡೆಸಿಬೆಲ್ ಆಸುಪಾಸು ಸಾಕು. ಡಿಸ್ಟಾರ್ಷನ್ (ಬೇಕೆಂದೇ ಸದ್ದನ್ನು ಒಡೆದು ಒರಟಾಗಿಸುವುದು) ಆಮೇಲೆ ಸೇರಿಸಿ. ಮೊದಲೇ ಒಡೆದ ದನಿಯನ್ನು ಮತ್ತೆ ಸರಿ ಮಾಡುವುದು ಬಹಳ ಕಷ್ಟ.