ಬೇಸ್ಮೆಂಟ್‌ಗೆ ನೀರು ಬರ್ತಿದ್ಯಾ? ಮೊದ್ಲು ಕೊಡೆ ಹಿಡ್ಕೊಂಡು ಹೊರಗೆ ಹೋಗಿ

ಪ್ರಶ್ನೆ: ಸರ್, ಮಳೆ ಶುರುವಾದ್ರೆ ಸಾಕು ನಮ್ಮನೆ ಬೇಸ್ಮೆಂಟ್ ಗೋಡೆ ಒದ್ದೆ ಆಗತ್ತೆ. ಎರಡು ಸಲ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ವಿ, ಒಂದು ವರ್ಷ ಚೆನ್ನಾಗಿತ್ತು, ಆಮೇಲೆ ಗುಳ್ಳೆ ಎದ್ದು ಚಕ್ಕೆ ಚಕ್ಕೆಯಾಗಿ ಉದುರೋಕೆ ಶುರು. ಬಿಳೀ ಪುಡಿ ಬೇರೆ ಬರ್ತಿದೆ, ಮನೇಲಿ ಎಲ್ರೂ ಬೂಷ್ಟು ಅಂತಾರೆ. ಈಗ ಕಾಂಟ್ರಾಕ್ಟರ್ ಪ್ಲಾಸ್ಟರ್ ಪೂರ್ತಿ ಕಿತ್ತು ಒಳಗಡೆಯಿಂದ ಹೊಸ ಕೋಟಿಂಗ್ ಹಾಕ್ಬೇಕು ಅಂತಿದಾರೆ. ಮಾಡಿಸ್ಲಾ?

ಉತ್ತರ: ಸದ್ಯಕ್ಕೆ ಬೇಡ. ನೀರು ಎಲ್ಲಿಂದ ಬರ್ತಿದೆ ಅಂತ ನಿಮಗೂ ಗೊತ್ತಿಲ್ಲ, ಕಾಂಟ್ರಾಕ್ಟರ್‌ಗೂ ಗೊತ್ತಿಲ್ಲ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗೆ ಆಗತ್ತೆ.

ಆ ಬಿಳೀ ಪುಡಿ ಬಹುಶಃ ಬೂಷ್ಟಲ್ಲ, ಉಪ್ಪು. ಗೋಡೆ ಒಳಗಿಂದ ನೀರು ಬರೋವಾಗ ಇಟ್ಟಿಗೆ, ಸಿಮೆಂಟಲ್ಲಿರೋ ಲವಣ ಕರಗಿಸ್ಕೊಂಡು ಬಂದು, ಮೇಲೆ ನೀರು ಒಣಗಿ ಲವಣ ಉಳ್ಕೊಳತ್ತೆ. ಬೆರಳಲ್ಲಿ ಉಜ್ಜಿ ನೋಡಿ, ಹರಳು ಹರಳಾಗಿ ಪುಡಿಯಾಗತ್ತೆ, ಒಂದು ತೊಟ್ಟು ನೀರು ಬಿಟ್ರೆ ಸಾಮಾನ್ಯವಾಗಿ ಕರಗತ್ತೆ. ಬೂಷ್ಟಾದ್ರೆ ಕರಗಲ್ಲ, ಮುಗ್ಗಲು ವಾಸನೆ ಬರತ್ತೆ. ಉಪ್ಪು ಕಂಡಿದೆ ಅಂದ್ರೆ ನೀರು ಗೋಡೆ ದಾಟಿ ಬರ್ತಿದೆ ಅಂತ ಅರ್ಥ. ಅದಕ್ಕೇ ಪೇಂಟ್ ನಿಲ್ತಿಲ್ಲ. ಹೊರಗಡೆ ಮಣ್ಣಲ್ಲಿ ಒಂದು ಮೀಟರ್ ಎತ್ತರಕ್ಕೆ ನೀರು ನಿಂತ್ರೆ ಗೋಡೆಯ ಬುಡದಲ್ಲಿ ಚದರ ಮೀಟರಿಗೆ ಹತ್ರಹತ್ರ ಒಂದು ಟನ್ ಒತ್ತಡ ಬೀಳತ್ತೆ, ಅದು ಹಿಂದಿನಿಂದ ತಳ್ತಾ ಇರ್ಬೇಕಾದ್ರೆ ಮುಂದೆ ಹಚ್ಚಿರೋ ಬಣ್ಣ ಎಷ್ಟು ದಿನ ಹಿಡ್ಕೊಂಡಿರತ್ತೆ ಹೇಳಿ.

ಈಗ ಮಾಡ್ಬೇಕಾಗಿರೋದು ಪತ್ತೆದಾರಿ ಕೆಲಸ. ಒಂದು ನೋಟ್‌ಬುಕ್ ಇಟ್ಕೊಂಡು ಮಳೆ ಯಾವಾಗ ಬಂತು, ಗೋಡೆ ಯಾವಾಗ ಒದ್ದೆ ಆಯ್ತು, ಎಲ್ಲಿ, ಎಷ್ಟು ಎತ್ತರಕ್ಕೆ ಅಂತ ಬರೀರಿ. ಮಳೆ ಬಂದು ಕೆಲವೇ ಗಂಟೇಲಿ, ಅದೂ ಗೋಡೆ ಮೇಲ್ಭಾಗದಲ್ಲೋ ಒಂದು ಮೂಲೇಲೋ ಒದ್ದೆ ಆದ್ರೆ ಅದು ಸೂರಿನ ನೀರು, ಅಂಗಳದ ನೀರು. ಒಂದೆರಡು ದಿನ ತಡವಾಗಿ, ಗೋಡೆ ಮತ್ತೆ ನೆಲ ಸೇರೋ ಸಂದಿಯಿಂದ ಜಿನುಗಿ, ಮಳೆ ನಿಂತು ವಾರ ಕಳೆದ್ರೂ ಆರ್ದೇ ಇದ್ರೆ ಅಂತರ್ಜಲ ಮೇಲೆ ಬಂದಿದೆ. ಮಳೆಗೂ ಒದ್ದೆಗೂ ಸಂಬಂಧವೇ ಇಲ್ಲ ಅಂದ್ರೆ ಪೈಪ್ ನೋಡಿ: ರಾತ್ರಿ ಎಲ್ಲಾ ನಲ್ಲಿ ಬಂದ್ ಮಾಡಿ ಮೀಟರ್ ರೀಡಿಂಗ್ ಬರ್ಕೊಳಿ, ಬೆಳಗ್ಗೆ ಓಡಿದ್ರೆ ಸಿಕ್ಕಿಬಿತ್ತು. ಬಚ್ಚಲ ಪೈಪ್ ಮೀಟರಲ್ಲಿ ತೋರ್ಸಲ್ಲ, ಅದಕ್ಕೆ ಬಣ್ಣದ ನೀರು ಸುರಿದು ಕೆಳಗೆ ಕಾಯ್ಬೇಕು.

ಮುಂದಿನ ಸಲ ಜೋರು ಮಳೆ ಬಂದಾಗ ಕೊಡೆ ಹಿಡ್ಕೊಂಡು ಮನೆ ಸುತ್ತ ಒಂದು ಸುತ್ತು ಹಾಕಿ, ಇದನ್ನ ಯಾರೂ ಮಾಡಲ್ಲ. ನಾನು ನೋಡಿದ ಒಂದು ಮನೇಲಿ ಮೂರು ಸಲ ಗ್ರೌಟಿಂಗ್ (ಬಿರುಕು, ಸಂದಿಗೆ ಸಿಮೆಂಟ್ ಹಾಲಿನಂಥದ್ದು ತುಂಬೋದು) ಆಗಿತ್ತು, ನಾನು ಹೋದ ದಿನ ಪುಣ್ಯಕ್ಕೆ ಮಳೆ ಇತ್ತು, ಹಿಂದೆ ಹೋಗಿ ನೋಡಿದ್ರೆ ಸೂರಿನ ಪೈಪಿನ ಕೊನೇ ಬೆಂಡ್ ಒಡೆದು ನೀರೆಲ್ಲಾ ಗೋಡೆ ಮೂಲೆಗೇ ಬೀಳ್ತಿದೆ, ಅಲ್ಲಿ ಮಣ್ಣು ಗೋಡೆಯಿಂದ ಬೆರಳಗಲ ಬಿಟ್ಕೊಂಡಿದೆ, ಆ ಸಂದೀಲಿ ನೀರು ಗುಳುಗುಳು ಅಂತ ಒಳಗೆ ಹೋಗ್ತಿದೆ! ಲೆಕ್ಕ ಹಾಕಿ, 100 ಚದರ ಮೀಟರ್ ಸೂರಿನ ಮೇಲೆ 50 ಮಿ.ಮೀ. ಮಳೆ ಬಿದ್ರೆ 5,000 ಲೀಟರ್ ನೀರು, ಅದೆಲ್ಲಾ ಒಂದೆರಡು ಪೈಪಲ್ಲೇ ಇಳಿಯೋದು.

ಆದ್ದರಿಂದ ಮೊದ್ಲು ಹೊರಗಿನ ಕೆಲಸ. ಪೈಪಿನ ಬಾಯಿ ಗೋಡೆಯಿಂದ ಎರಡು ಮೂರು ಮೀಟರ್ ದೂರ ಹೋಗ್ಲಿ. ಮನೆ ಸುತ್ತ ಮೊದಲ 3 ಮೀಟರಲ್ಲಿ ನೆಲ 15 ಸೆಂ.ಮೀ. ಆದ್ರೂ ಹೊರಗಡೆಗೆ ಇಳಿಜಾರಾಗಿರ್ಬೇಕು, ತುಂಬೋದು ಜಿಗುಟು ಮಣ್ಣು, ಮರಳಲ್ಲ, ಮರಳು ಹಾಕಿದ್ರೆ ನೀವೇ ದಾರಿ ಮಾಡ್ಕೊಟ್ಟ ಹಾಗೆ. ಗೋಡೆಗೆ ಅಂಟ್ಕೊಂಡಿರೋ ಹೂವಿನ ಪಾತಿ ಇದ್ರೆ ದಯವಿಟ್ಟು ದೂರ ಸರಿಸಿ, ದಿನಾ ನೀರು ಹಾಕ್ತಿರ್ತೀರಲ್ಲ. ಇಷ್ಟು ಮಾಡಿ ಒಂದು ಮಳೆಗಾಲ ಕಾಯಿರಿ.

ನೋಟ್‌ಬುಕ್ ಅಂತರ್ಜಲ ಅಂತ ಹೇಳಿದ್ರೆ ಮಾತ್ರ ದೊಡ್ಡ ಕೆಲಸ. ಹೊರಗೆ ಪಾಯದವರೆಗೂ ಅಗೆದು ಗೋಡೆಗೆ ಮೆಂಬ್ರೇನ್ (ನೀರು ದಾಟದ ಪದರ) ಹಾಕಿ, ಬುಡದಲ್ಲಿ ತೂತಿರೋ ಪೈಪು, ಸುತ್ತ ಜಲ್ಲಿ, ಅದಕ್ಕೆ ಮಣ್ಣು ತುಂಬ್ಕೊಳ್ದೇ ಇರೋಕೆ ಫಿಲ್ಟರ್ ಬಟ್ಟೆ. ಅಗೆಯೋಕೆ ಜಾಗ ಇಲ್ಲಾಂದ್ರೆ ಒಳಗೇ ಗೋಡೆ ಬುಡದಲ್ಲಿ ಕಾಲುವೆ ತೆಗೆದು ನೀರನ್ನ ಒಂದು ಗುಂಡಿಗೆ ತಂದು ಪಂಪ್ ಮಾಡೋದು (ಕುಡಿಯೋ ನೀರು ತುಂಬೋ ಸಂಪ್ ಅಲ್ಲ, ಇದು ಬೇರೆ). ಪಂಪಿಗೆ ಬ್ಯಾಟರಿ ಬ್ಯಾಕಪ್ ಇರ್ಲಿ, ಜೋರು ಮಳೇಲೇ ಕರೆಂಟ್ ಹೋಗೋದು.

ಪ್ರಶ್ನೆ: ಬೇಸ್ಮೆಂಟ್ ಗೋಡೇಲಿ ಮಧ್ಯದ ಎತ್ತರಕ್ಕೆ ಅಡ್ಡಡ್ಡ ಒಂದು ಬಿರುಕು ಬಂದಿದೆ, ನೀರೂ ಜಿನುಗತ್ತೆ. ಮೇಸ್ತ್ರಿ ಸಿಮೆಂಟ್ ತುಂಬಿದ್ರೆ ಸಾಕು ಅಂತಾರೆ.

ಉತ್ತರ: ಮೇಸ್ತ್ರಿ ಮಾತು ಇಲ್ಲಿ ಕೇಳ್ಬೇಡಿ. ಕಾಂಕ್ರೀಟ್ ಗೋಡೇಲಿ ಮೇಲಿಂದ ಕೆಳಕ್ಕೆ ಕೂದಲೆಳೆಯಂಥ ಬಿರುಕು ಬಂದಿದ್ರೆ ನಾನೂ ಹೆಚ್ಚು ತಲೆ ಕೆಡಿಸ್ಕೊಳ್ತಿರ್ಲಿಲ್ಲ, ಕಾಂಕ್ರೀಟ್ ಒಣಗುವಾಗ ಕುಗ್ಗಿ ಬರೋದು ಅದು. ಓರೆಯಾಗಿ ಅಥವಾ ಮೆಟ್ಟಿಲು ಮೆಟ್ಟಿಲಾಗಿ ಹೋದ್ರೆ ಪಾಯ ಒಂದು ಕಡೆ ಕೂತಿದೆಯಾ ಅಂತ ನೋಡ್ಬೇಕು. ಆದ್ರೆ ಅಡ್ಡ ಬಿರುಕು ಅಂದ್ರೆ ಹೊರಗಿನ ಒದ್ದೆ ಮಣ್ಣು ಗೋಡೆನ ಒಳಗಡೆಗೆ ತಳ್ತಿರೋ ಲಕ್ಷಣ. ಮೇಲಿಂದ ತೂಗುಗುಂಡು ಬಿಟ್ಟು ನೋಡಿ, ಗೋಡೆ ಹೊಟ್ಟೆ ಬಿಟ್ಟಿದ್ರೆ ಅದೇ ದಿನ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಫೋನ್ ಮಾಡಿ, ಆ ಕಡೆ ಗಾಡಿ ನಿಲ್ಸಬೇಡಿ. ಬಿಟ್ಟಿಲ್ಲ ಅಂದ್ರೂ ಕರೆಸಿ, ಅಷ್ಟರಲ್ಲಿ ಬಿರುಕಿನ ಎರಡೂ ತುದೀಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ, ಅವರಿಗೆ ಅದೇ ದೊಡ್ಡ ಸಾಕ್ಷಿ. ಬಿರುಕಿನೊಳಗೆ ಪಾಲಿಯುರೆಥೇನ್ (ಸಂದಿ ತುಂಬೋ ರಾಸಾಯನಿಕ) ಇಂಜೆಕ್ಷನ್ ಮಾಡಿದ್ರೆ ಅದು ನೀರು ನಿಲ್ಸತ್ತೆ, ಗೋಡೆಗೆ ಬಲ ಕೊಡಲ್ಲ. ಎಪಾಕ್ಸಿ (ಗಟ್ಟಿಯಾಗೋ ಅಂಟು) ಬಲ ಕೊಡತ್ತೆ, ಆದ್ರೆ ಬಿರುಕು ಒಣಗಿರ್ಬೇಕು, ಅಲುಗಾಟ ನಿಂತಿರ್ಬೇಕು, ತಳ್ಳೋ ಮಣ್ಣನ್ನ ಅದೂ ತಡೆಯಲ್ಲ.

ಪ್ರಶ್ನೆ: ಮಳೆ ಇಲ್ದಿದ್ರೂ ಸೆಕೆಗಾಲದಲ್ಲಿ ಗೋಡೆ ಬೆವರತ್ತೆ, ಕಿಟಕಿ ತೆಗೆದಷ್ಟೂ ಜಾಸ್ತಿ. ಯಾಕೆ?

ಉತ್ತರ: ಕಿಟಕಿ ತೆಗೆಯೋದ್ರಿಂದಾನೇ. 30 ಡಿಗ್ರಿ, 75% ತೇವ ಇರೋ ಗಾಳಿ ಸುಮಾರು 25 ಡಿಗ್ರಿಗಿಂತ ತಣ್ಣಗಿರೋ ಗೋಡೆಗೆ ತಾಗಿದ್ರೆ ನೀರಾಗತ್ತೆ. ಖಾತ್ರಿ ಬೇಕಾ, ಒಂದೂವರೆ ಅಡಿ ಪ್ಲಾಸ್ಟಿಕ್ ಹಾಳೆನ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆ ಮೇಲೆ ಹನಿ ಇದ್ರೆ ಗಾಳಿದು, ಹಿಂದೆ ಇದ್ರೆ ಗೋಡೆದು. ಗಾಳಿದಾದ್ರೆ ಕಿಟಕಿ ಮುಚ್ಚಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯೋ ಯಂತ್ರ) ಹಾಕಿ.

ಪ್ರಶ್ನೆ: ಬೇಸ್ಮೆಂಟ್ ಎದೆಮಟ್ಟ ತುಂಬಿದೆ, ಬಾಡಿಗೆ ಪಂಪ್ ತಂದಿದೀವಿ, ಒಂದೇ ಸಲ ಖಾಲಿ ಮಾಡ್ಬಹುದಾ?

ಉತ್ತರ: ಬೇಡ ಬೇಡ! ಹೊರಗಿನ ಮಣ್ಣು ಇನ್ನೂ ನೀರು ಕುಡಿದು ಕೂತಿದೆ, ಒಳಗಿನ ನೀರೇ ಈಗ ಗೋಡೆಗೆ ಆಸರೆ, ಅದನ್ನ ಗಬಕ್ಕನೆ ತೆಗೆದ್ರೆ ಗೋಡೆ ಒಳಗೆ ಕುಸೀಬಹುದು. ಮೊದ್ಲು ಕರೆಂಟ್ ಹೊರಗಿಂದ ಕಟ್ ಮಾಡ್ಸಿ, ಅಲ್ಲಿವರೆಗೂ ಯಾರೂ ಇಳಿಬೇಡಿ. ಹೊರಗಡೆ ನಿಂತ ನೀರು ಇಳಿದ ಮೇಲೆ ಒಂದು ಅಡಿ ಮಾತ್ರ ತೆಗೆದು ಗೋಡೆ ಮೇಲೆ ಗುರುತು ಹಾಕಿ ರಾತ್ರಿ ಬಿಡಿ. ಬೆಳಗ್ಗೆ ನೀರು ಗುರುತಿಗಿಂತ ಮೇಲೆ ಬಂದಿದ್ರೆ ಇನ್ನೂ ಕಾಲ ಬಂದಿಲ್ಲ, ಕಾಯಿರಿ. ಅಲ್ಲೇ ನಿಂತಿದ್ರೆ ಇನ್ನೊಂದೆರಡು ಅಡಿ ತೆಗೆದು ಮತ್ತೆ ಗುರುತು ಹಾಕಿ.