ಮಳೆ ರಜೆಯ ದಿನ ಬಾರದ ಹೊಟ್ಟೆನೋವು

"ರಜೆ ಕೊಟ್ಟ ದಿನ ಇವನಿಗೆ ಹೊಟ್ಟೆನೋವು ಬರೋದೇ ಇಲ್ಲ ಮೇಡಂ. ಅಲ್ಲಿಗೇ ಗೊತ್ತಾಗಲ್ವಾ?" ಎಂದು ತರಗತಿ ಶಿಕ್ಷಕಿ ಹಾಜರಿ ಪುಸ್ತಕವನ್ನು, ಆ ಶಾಲೆಗೆ ಮಕ್ಕಳ ಸಲಹೆಗಾರ್ತಿಯಾಗಿ ಹೋಗುತ್ತಿದ್ದ ನನ್ನ ಮುಂದೆ ಇಟ್ಟರು. 2024ರ ಆಗಸ್ಟ್. ಹೊರಗೆ ಜಡಿಮಳೆ. ಒಂಬತ್ತನೇ ತರಗತಿಯ ಹುಡುಗ. ಜುಲೈ ಕೊನೆಯಿಂದ ಶಾಲೆ ನಡೆದ ದಿನಗಳಲ್ಲಿ ಅರ್ಧದಷ್ಟು ದಿನ ಬಂದೇ ಇರಲಿಲ್ಲ. ಬಂದ ದಿನವೂ ಹನ್ನೊಂದು ಗಂಟೆಗೆ ಹೊಟ್ಟೆ ಹಿಡಿದುಕೊಂಡು ಮನೆಗೆ ಹೋಗಿದ್ದ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಅಲ್ಲಿ ಶೇಕಡಾ 75 ಹಾಜರಿ ಬೇಕೇ ಬೇಕು. ಶಿಕ್ಷಕಿಗೆ ಸಿಟ್ಟಿಗಿಂತ ಗಾಬರಿಯೇ ಜಾಸ್ತಿ ಇತ್ತು.

ಅವನನ್ನು ಇಲ್ಲಿ ಚೇತನ್ ಎನ್ನುತ್ತೇನೆ. ಅದು ಅವನ ಹೆಸರಲ್ಲ. ಅವನೂ ಅವನ ತಾಯಿಯೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಕೆಲವು ವಿವರ ಬದಲಿಸಿದ್ದೇನೆ. ಊರು ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಆ ಕಡೆಯ ಯಾವುದಾದರೂ ಆಗಿರಬಹುದು. ಕೊಡಗಿನವರಿಗೆ ಅಷ್ಟು ಹೇಳಿದರೆ ಸಾಕು.

ಮೊದಲ ದಿನ ನಾನೇ ಒಂದು ತಪ್ಪು ಮಾಡಿದೆ. ತಿಂಗಳಿಗೆ ಎರಡು ಸಲ ಆ ಶಾಲೆಗೆ ಹೋಗುತ್ತಿದ್ದವಳು ನಾನು. ನನಗೆ ಅಂತ ಒಂದು ಕೋಣೆ ಇರಲಿಲ್ಲ. ಸ್ಟಾಫ್ ರೂಮಿನ ಮೂಲೆಯಲ್ಲಿ ಅವನನ್ನು ಕೂರಿಸಿಕೊಂಡು ಮಾತಾಡಿಸಿದೆ. ಒಬ್ಬರು ಬಂದು ಚಾಕ್‌ಪೀಸ್ ಡಬ್ಬಿ ಹುಡುಕಿದರು, ಇನ್ನೊಬ್ಬರು ಕೊಡೆ ಒಣಗಲು ಹಾಕಿದರು. ಹುಡುಗ ತಲೆ ತಗ್ಗಿಸಿ "ಏನಿಲ್ಲ ಮೇಡಂ" ಎಂದು ನಾಲ್ಕು ಸಲ ಹೇಳಿದ. ಮರುದಿನದಿಂದ ತರಗತಿಯಲ್ಲಿ ಅವನ ಹೆಸರು "ಮೆಂಟಲ್" ಆಯಿತು. ಅದಾದ ಮೇಲೆ ಒಂದು ವಾರ ಅವನು ಶಾಲೆಗೇ ಬರಲಿಲ್ಲ.

ಮುಂದಿನ ಸಲ ಹೋದಾಗ ಹೆಡ್‌ಮಾಸ್ಟರ ಹತ್ತಿರ ಎರಡೇ ಎರಡು ಕೇಳಿದೆ. ಲೈಬ್ರರಿಯ ಹಿಂದಿನ ಪುಟ್ಟ ಕೋಣೆ ಬೇಕು. ಇವನೊಬ್ಬನನ್ನೇ ಅಲ್ಲ, ಒಂಬತ್ತನೇ ತರಗತಿಯ ಎಲ್ಲರನ್ನೂ ಹಾಜರಿ ಕ್ರಮದಲ್ಲಿ ಹತ್ತತ್ತು ನಿಮಿಷ ನನ್ನ ಹತ್ತಿರ ಕಳಿಸಬೇಕು. ಎಲ್ಲರೂ ಹೋದರೆ ಯಾರೂ "ಹೋದವರು" ಆಗುವುದಿಲ್ಲ, ಅಲ್ವಾ? ಎರಡಕ್ಕೂ ಅವರು ಒಪ್ಪಿದರು. ಆ ಹತ್ತತ್ತು ನಿಮಿಷಗಳಲ್ಲೇ ಇನ್ನೂ ಇಬ್ಬರು ಮಕ್ಕಳ ವಿಷಯ ಹೊರಬಂತು. ಅದು ಬೇರೆ ಕಥೆ.

ಚೇತನ್ ಆ ಕೋಣೆಯಲ್ಲಿ ಮಾತಾಡಿದ. ಒಮ್ಮೆಗೇ ಅಲ್ಲ, ಮೂರು ಭೇಟಿಗಳಲ್ಲಿ, ಚೂರು ಚೂರಾಗಿ.

2018ರ ಆಗಸ್ಟ್‌ನಲ್ಲಿ ಅವನು ಮೂರನೇ ತರಗತಿ. ಮಳೆ ರಜೆ ಎಂದು ಮಡಿಕೇರಿಯ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಅಷ್ಟರಲ್ಲಿ ಊರಿನ ಬರೆ, ಅಂದರೆ ಗುಡ್ಡದ ಇಳಿಜಾರು, ಜಾರಿತು. ರಸ್ತೆ ಹೋಯಿತು, ಕರೆಂಟು ಹೋಯಿತು, ಮೊಬೈಲ್ ನೆಟ್‌ವರ್ಕ್ ಕೂಡ ಹೋಯಿತು. ಎರಡು ರಾತ್ರಿ ಅಪ್ಪ ಅವ್ವ ಇದ್ದಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಮೂರನೇ ದಿನ ಪರಿಹಾರ ಕೇಂದ್ರದಲ್ಲಿ ಅವ್ವ ಸಿಕ್ಕಿದರು. ಮನೆ ಹೋಗಿತ್ತು. ಕಾಫಿ ತೋಟ ಹೋಗಿತ್ತು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸು ಹೋಗಿತ್ತು. ಮನೆಯವರೆಲ್ಲ ಉಳಿದಿದ್ದರು. "ದೇವರು ದೊಡ್ಡವನು" ಎಂದರು ಎಲ್ಲರೂ. ಯಾರೂ ಸಾಯದ ಮನೆಯ ಹುಡುಗನಿಗೂ ಏನೋ ಆಗಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ಆರು ವರ್ಷ ಹೇಗೋ ನಡೆಯಿತು. 2024ರ ಜುಲೈ 30ರಂದು ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿಯಿತು. ಆ ವಿಡಿಯೋಗಳು ಎಲ್ಲರ ಫೋನಿಗೂ ಬಂದವು. ಇವನು ರಾತ್ರಿ ಹೊದ್ದುಕೊಂಡು ಅವನ್ನೇ ಮತ್ತೆ ಮತ್ತೆ ನೋಡಿದ. ಆ ವಾರದಿಂದಲೇ ಹೊಟ್ಟೆನೋವು ಶುರು.

ಈಗ ಶಿಕ್ಷಕಿ ಹೇಳಿದ ಮಾತಿಗೆ ಬರುತ್ತೇನೆ. ಅವರು ಸರಿಯಾದದ್ದನ್ನೇ ನೋಡಿದ್ದರು. ಅದರ ಅರ್ಥ ಮಾತ್ರ ತಿರುಗಾಮುರುಗಾ ಆಗಿತ್ತು. ಇವನಿಗೆ ಶಾಲೆಯ ಭಯವೇ ಇರಲಿಲ್ಲ. ಮಳೆ ಸುರಿಯುವಾಗ ಅವ್ವನಿಂದ ದೂರ ಇರುವ ಭಯ ಇತ್ತು. ಅವ್ವ ಇಳಿಜಾರಿನ ಮೇಲಿರುವ ಒಂದು ಹೋಂಸ್ಟೇಯಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಿದ್ದರು. ಮಳೆ ರಜೆಯ ದಿನ ಇವನೂ ಅವರ ಜೊತೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದ. ಹಾಗಿದ್ದರೆ ಹೊಟ್ಟೆ ಯಾಕೆ ನೋಯಬೇಕು? ನೋವು ನಾಟಕ ಅಲ್ಲ, ನಿಜವಾದದ್ದೇ. ಭಯವಾದಾಗ ಕರುಳು ಹಿಂಡುವುದು, ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ದೇಹದ ಸಹಜ ಕೆಲಸ. ಇವನ ದೇಹ ಹಳೆಯ ಮಳೆಗೂ ಇವತ್ತಿನ ಮಳೆಗೂ ವ್ಯತ್ಯಾಸ ಮಾಡುತ್ತಿರಲಿಲ್ಲ, ಅಷ್ಟೇ.

ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಮಕ್ಕಳ ತಲೆಗೆ ಇಲ್ಲದ್ದನ್ನು ತುಂಬಿದಂತೆ ಎಂದು ಎಷ್ಟೋ ಮೇಷ್ಟ್ರುಗಳು ಹೆದರುತ್ತಾರೆ. ಹಾಗಾಗುವುದಿಲ್ಲ. ಬಂದಿದ್ದರೆ ಹೇಳಲು ದಾರಿ ಸಿಗುತ್ತದೆ. ಇವನಿಗೆ ಬಂದಿರಲಿಲ್ಲ. ಆದರೆ ನಿದ್ದೆ ಇರಲಿಲ್ಲ, ಕೆಟ್ಟ ಕನಸು ಬೀಳುತ್ತಿತ್ತು. ಅದಕ್ಕೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ಸದ್ಯಕ್ಕೆ ಮಾತ್ರೆ ಬೇಡ, ಮಾತುಕತೆ ಮುಂದುವರಿಸಿ, ಒಂದೂವರೆ ತಿಂಗಳಿಗೆ ಮತ್ತೆ ಕರೆತನ್ನಿ ಎಂದರು. ನಾನು ಇಲ್ಲದ ದಿನಗಳಿಗೆ ಟೆಲಿಮಾನಸ್ ನಂಬರ್ 14416 ಅನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆಸಿದೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಅದು. ದುಡ್ಡು ಬೇಡ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹುಡುಗನಿಗೆ ಏನು ಹೇಳಿದೆ? "ಏನೂ ಆಗಲ್ಲ, ಹೆದರಬೇಡ" ಎಂದು ಹೇಳಲಿಲ್ಲ. ಕೊಡಗಿನ ಮಗುವಿಗೆ ಹಾಗೆ ಹೇಳುವ ಹಕ್ಕು ನನಗಿಲ್ಲ. ಬರೆ ಮತ್ತೆ ಕುಸಿಯಬಹುದು. ಅದರ ಬದಲು ಅವನೂ ಅವ್ವನೂ ಕೂತು ಒಂದು ಹಾಳೆ ಬರೆಯಲಿ ಎಂದೆ. ರಸ್ತೆ ಮುಚ್ಚಿದರೆ ಯಾರು ಎಲ್ಲಿಗೆ ಹೋಗಬೇಕು, ಫೋನ್ ಸಿಗದಿದ್ದರೆ ಯಾರ ಮನೆಯಲ್ಲಿ ಕಾಯಬೇಕು, ಹೋಂಸ್ಟೇಯವರ ನಂಬರ್ ಯಾವುದು. 2018ರಲ್ಲಿ ಅವನನ್ನು ಸುಟ್ಟದ್ದು ಏನೂ ಗೊತ್ತಿಲ್ಲದ ಆ ಎರಡು ರಾತ್ರಿ. ಗೊತ್ತಿರುವ ಒಂದು ಹಾಳೆ ಜೇಬಿನಲ್ಲಿದ್ದರೆ ಆ ಭಯಕ್ಕೆ ಒಂದು ಮಿತಿ ಸಿಗುತ್ತದೆ. ಹೊಟ್ಟೆ ಹಿಂಡಲು ಶುರುವಾದಾಗ ಎರಡೂ ಪಾದ ನೆಲಕ್ಕೆ ಒತ್ತಿ, ಉಸಿರನ್ನು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುವುದನ್ನು ಅಭ್ಯಾಸ ಮಾಡಿಸಿದೆ. ವಿಡಿಯೋ ನೋಡುವುದು ಬಂದ್. ಫೋನ್ ರಾತ್ರಿ ಅಪ್ಪನ ಹತ್ತಿರ.

ಆದರೆ ತಿಂಗಳಿಗೆ ಎರಡು ದಿನ ಬರುವ ನನ್ನಿಂದ ಎಷ್ಟು ಆಗುತ್ತದೆ? ಉಳಿದ ದಿನ ಅವನ ಜೊತೆ ಇರುವವರು ಶಾಲೆಯವರು. ಅವರಿಗೆ "ಸ್ವಲ್ಪ ಪ್ರೀತಿಯಿಂದ ನೋಡಿಕೊಳ್ಳಿ" ಎಂದು ಹೇಳಿ ಬಂದರೆ ಏನೂ ನಡೆಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹೇಳಬೇಕು. ಅವನ ಒಪ್ಪಿಗೆ ಕೇಳಿ, ಬೇಕಾದಷ್ಟನ್ನೇ ಹೇಳಿದೆ. ತರಗತಿ ಶಿಕ್ಷಕಿಗೆ: ಹೊಟ್ಟೆನೋವು ಎಂದಾಗ ಮನೆಗೆ ಕಳಿಸಬೇಡಿ, ಗದರಿಸಲೂ ಬೇಡಿ. ಐದು ನಿಮಿಷ ವರಾಂಡದಲ್ಲಿ ಕೂತು ಬರಲಿ. ಮನೆಗೆ ಕಳಿಸಿದಷ್ಟೂ "ಶಾಲೆಯಲ್ಲಿದ್ದರೆ ಅಪಾಯ" ಎನ್ನುವ ಅವನ ಲೆಕ್ಕ ಗಟ್ಟಿಯಾಗುತ್ತದೆ. ಬಿಸಿಯೂಟದ ಅಕ್ಕನಿಗೆ: ಊಟ ಬಿಟ್ಟ ದಿನ ನನಗೆ ಒಂದು ಮೆಸೇಜ್ ಹಾಕಿ. ಪಿ.ಟಿ. ಮೇಷ್ಟ್ರಿಗೆ ಎಲ್ಲಕ್ಕಿಂತ ದೊಡ್ಡ ಕೆಲಸ: ಊಟದ ಬಿಡುವಿನಲ್ಲಿ ಅವರ ಫೋನಿನಿಂದ ಅವ್ವನಿಗೆ ಒಂದು ಕರೆ, ಎರಡೇ ನಿಮಿಷ.

ಇದಕ್ಕೆ ವಿರೋಧ ಬಂತು. "ಇವನಿಗೆ ಬಿಟ್ಟರೆ ನಾಳೆ ಎಲ್ಲರೂ ಫೋನ್ ಕೇಳ್ತಾರೆ" ಎಂದರು. ಆ ಮಾತಿನಲ್ಲೂ ಹುರುಳಿತ್ತು. ಜೊತೆಗೆ ಇನ್ನೊಂದು ಅಪಾಯ, ಕರೆ ಮಾಡಿದಷ್ಟೂ ಕರೆಯ ಮೇಲೇ ಮನಸ್ಸು ನಿಲ್ಲಬಹುದು. ಅದಕ್ಕೇ ಇಳಿಸುವ ಲೆಕ್ಕವನ್ನು ಮೊದಲೇ ಹಾಕಿದ್ದೆವು. ಮೊದಲ ಎರಡು ವಾರ ದಿನವೂ ಒಂದು ಕರೆ. ಆಮೇಲೆ ದಿನ ಬಿಟ್ಟು ದಿನ. ಆಮೇಲೆ ಜೋರು ಮಳೆಯ ದಿನ ಮಾತ್ರ. ಮೊದಲ ವಾರ ಮೂರು ದಿನ ಬಂದ. ನಾಲ್ಕನೇ ವಾರ ಒಂದು ದಿನವೂ ತಪ್ಪಿಸಲಿಲ್ಲ. ನಡುವೆ ಒಂದು ದಿನ ನೆಟ್‌ವರ್ಕ್ ಇಲ್ಲದೆ ಕರೆ ಹೋಗಲಿಲ್ಲ. ವಾಂತಿ ಮಾಡಿಕೊಂಡ. ಆದರೂ ಮನೆಗೆ ಓಡಲಿಲ್ಲ, ಮೇಷ್ಟ್ರ ಪಕ್ಕ ಜೇಬಿನ ಹಾಳೆ ಹಿಡಿದು ನಾಲ್ಕು ಗಂಟೆಯವರೆಗೆ ಕೂತ. ನನ್ನ ಪ್ರಕಾರ ಅವನು ಗೆದ್ದದ್ದು ಆ ದಿನವೇ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಶಿಕ್ಷಣ ಸಂಸ್ಥೆಯಲ್ಲಿ ತರಬೇತಾದ ಸಲಹೆಗಾರರು ಒಬ್ಬರಾದರೂ ಇರಬೇಕು, ಕಡಿಮೆ ಮಕ್ಕಳಿದ್ದರೆ ಹೊರಗಿನ ತಜ್ಞರ ಜೊತೆ ನಂಟು ಇಟ್ಟುಕೊಳ್ಳಬೇಕು ಎಂದಿತು. ಒಳ್ಳೆಯದೇ. ಚೇತನ್ ಶಾಲೆಯಲ್ಲಿ ಎಂಬತ್ತೇ ಮಕ್ಕಳು. ನನ್ನಂಥವರು ಅಲ್ಲಿ ಯಾವತ್ತೂ ಹೊರಗಿನವರೇ. ನಾವು ಹೋದ ಮೇಲೆ ಫೋನ್ ಕೊಡುವ ಪಿ.ಟಿ. ಮೇಷ್ಟ್ರೂ ಇರಬೇಕು, ತಟ್ಟೆ ಖಾಲಿಯಾಯಿತಾ ಎಂದು ನೋಡುವ ಅಕ್ಕನೂ ಇರಬೇಕು.

ಆ ವರ್ಷ ಮಳೆ ಮೇ ತಿಂಗಳಲ್ಲೇ ಹಿಡಿಯಿತು. ಜೂನ್‌ನಲ್ಲಿ ಹತ್ತನೇ ತರಗತಿ ಶುರುವಾದ ಮೇಲೆ ಒಂದು ದಿನ ಪಿ.ಟಿ. ಮೇಷ್ಟ್ರು ನನಗೆ ಫೋನ್ ಮಾಡಿ ನಕ್ಕರು. ಜೋರು ಮಳೆ ಇದ್ದರೂ ಹುಡುಗ ಕರೆ ಮಾಡುವುದನ್ನೇ ಮರೆತು ಕೇರಂ ಆಡುತ್ತಿದ್ದನಂತೆ. ಅವ್ವನೇ ಮೇಷ್ಟ್ರಿಗೆ ಮೂರು ಸಲ ಕರೆ ಮಾಡಿ, "ಯಾಕೆ ಸರ್, ಇವತ್ತು ಅವನು ಮಾತಾಡಲಿಲ್ಲ? ಏನಾದ್ರೂ ಆಯ್ತಾ?" ಎಂದು ಕೇಳಿದರಂತೆ.

ಮುಂದಿನ ಶನಿವಾರ ಅವರನ್ನೇ ಬರಹೇಳಿದೆ. ಆ ಎರಡು ರಾತ್ರಿ ಅವರು ಎಲ್ಲಿದ್ದರು ಎಂದು ಅಲ್ಲಿಯವರೆಗೆ ಯಾರೂ ಅವರನ್ನು ಕೇಳಿರಲಿಲ್ಲ.